ಕೂಡಿಸಿದ ಮೇಲೊಂದು ಕೊಸರು

೮ ಜನವರಿ ೧೯೭೯

ಗದಗಿನ ತರಬೇತಿ ಮುಗಿಸಿ ನಿನ್ನೆ ಸಂಜೆ ಊರಿಗೆ ಬಂದೆ. ಊರು ಎಂದರೆ ನನ್ನೂರಲ್ಲ, ನನ್ನದು ಮುಂಡರಗಿ. ಇದು ಲಕ್ಷ್ಮೇಶ್ವರದಿಂದ ಅಡರಕಟ್ಟಿಯ ಕಡೆ ಹೋಗುವಾಗ ಬಸ್ಸಿನವನು ಮನಸ್ಸಿದ್ದರೆ ನಿಲ್ಲಿಸುವ ಊರು. ಎರಡು ವರ್ಷದಿಂದ ಇಲ್ಲಿಯ ಶಾಲೆಯಲ್ಲಿ ಹಂಗಾಮಿ ಮಾಸ್ತರನಾಗಿದ್ದೇನೆ. ಒಂದನೇ ಮತ್ತು ಎರಡನೇ ಇಯತ್ತೆ ನನಗೆ, ಮೂರನೇ ಮತ್ತು ನಾಲ್ಕನೇ ಇಯತ್ತೆ ಹೆಡ್ ಮಾಸ್ತರ ಪುಂಡಲೀಕಪ್ಪನವರಿಗೆ. ಅವರು ಊಟದ ಮೊದಲು ಪಾಠ ಮಾಡುತ್ತಾರೆ, ಊಟದ ನಂತರ ನಶ್ಯ ಏರಿಸಿ ಕಣ್ಣು ಮುಚ್ಚಿ ವಿಚಾರ ಮಾಡುತ್ತಾರೆ.

ತರಬೇತಿಯಲ್ಲಿ ಹತ್ತು ದಿನವೂ ಒಂದೇ ಮಾತು. ಒಂದನೇ ಇಯತ್ತೆಯ ಮಕ್ಕಳಿಗೆ ಕೂಡಿಸುವುದನ್ನು ಬಾಯಿಪಾಠ ಮಾಡಿಸಬೇಡಿ, ಕೈಗೆ ವಸ್ತು ಕೊಡಿ. ಎಣಿಸಲಿ, ಗುಂಪು ಮಾಡಲಿ, ಎರಡು ಗುಂಪು ಕೂಡಿಸಲಿ. ಮಾರ್ಚ್ ಮೊದಲ ವಾರ ಇನ್ಸ್‌ಪೆಕ್ಟರ್ ಸಾಹೇಬರು ಇದನ್ನೇ ನೋಡಲು ಬರುತ್ತಾರೆ. ನನ್ನ ಇಪ್ಪತ್ತೆರಡು ಮಕ್ಕಳು ಸರಿಯಾಗಿ ಕೂಡಿಸಿದರೆ ನಾನು ಖಾಯಂ. ಕೂಡಿಸದಿದ್ದರೆ ಜೂನ್‌ನಲ್ಲಿ ಮುಂಡರಗಿಗೆ ಹೋಗಿ ಅಣ್ಣನ ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಪೊಟ್ಟಣ ಕಟ್ಟಬೇಕು. ಖಾಯಂ ಆದ ಮರುದಿನವೇ ಮುಂಡರಗಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕುವುದೆಂದು ನಿರ್ಧರಿಸಿದ್ದೇನೆ. ಈ ಊರಿನ ಋಣ ಅಷ್ಟೇ ಸಾಕು.

ನಾನು ಶಿಸ್ತಿನ ಮನುಷ್ಯ. ಕಾಯದೆಯಲ್ಲಿ ಇದ್ದಷ್ಟು ಮಾಡುತ್ತೇನೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಈ ದಿನಚರಿಯನ್ನೂ ಶಿಸ್ತಿಗಾಗಿಯೇ ಬರೆಯುತ್ತಿದ್ದೇನೆ.

೯ ಜನವರಿ

ಹಳ್ಳದಿಂದ ನೂರು ಹರಳುಕಲ್ಲು ಆರಿಸಿ ತಂದು, ತೊಳೆದು, ಒಣಗಿಸಿ ಹಂಚಿದೆ. ಮುಂದಿನ ಸಾಲಿನ ಗೋಣೆಪ್ಪನ ಎದುರು ಮೂರು ಕಲ್ಲಿನ ಒಂದು ಗುಂಪು, ಎರಡು ಕಲ್ಲಿನ ಒಂದು ಗುಂಪು ಇಟ್ಟೆ. ಕೂಡಿಸಿದ. ನಾಲ್ಕು ಎಂದ. ಮತ್ತೆ ಎಣಿಸು ಎಂದೆ. ಎಣಿಸಿ ನಾಲ್ಕೇ ಎಂದ. ಸಿಟ್ಟು ಬಂದು ನಾನೇ ಎಣಿಸಿದೆ. ನಾಲ್ಕೇ ಇದ್ದವು.

“ಐದನೇದು ಎಲ್ಲೈತಲೇ?”

“ಮೂಗಿನ್ಯಾಗ ಐತ್ರಿ ಸರ್ರ.”

ಬೆರಳು ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ. ಅವನ ತಾಯಿ ಬೀರವ್ವನನ್ನು ಕರೆಸಿದೆ. ನನಗೆ ಹಾಲು ಕೊಡುವವಳೂ ಅವಳೇ, ಆದ್ದರಿಂದ ಬೈಗುಳ ಎರಡೂ ಲೆಕ್ಕದಲ್ಲಿ ಬಂದವು. ಕೊನೆಗೆ ಹೆಡ್ ಮಾಸ್ತರರು ಕಣ್ಣು ತೆರೆದು, ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ತೆಗೆದು ಹುಡುಗನ ಇನ್ನೊಂದು ಹೊಳ್ಳೆಗೆ ಹಿಡಿದರು. ಗೋಣೆಪ್ಪ ಮೂರು ಸಲ ಸೀನಿದ. ಕಲ್ಲು ಹಾರಿ ಹೆಡ್ ಮಾಸ್ತರರ ಟೊಪ್ಪಿಗೆಗೆ ಬಡಿಯಿತು.

“ಈಗ ಐದು ಆದುವ್ರಿ ಸರ್ರ” ಎಂದ ಗೋಣೆಪ್ಪ.

ಉತ್ತರ ಸರಿಯೇ. ಆದರೆ ಸಾಹೇಬರ ಎದುರು ಇಪ್ಪತ್ತೆರಡು ಮಕ್ಕಳಿಗೆ ನಶ್ಯ ಏರಿಸಲು ಆಗುವುದಿಲ್ಲ.

೧೨ ಜನವರಿ

ಹುಣಸೆಬೀಜ ಚಪ್ಪಟೆ ಇರುತ್ತದೆ, ಮೂಗಿನಲ್ಲಿ ಹೋಗುವುದಿಲ್ಲ ಎಂದುಕೊಂಡಿದ್ದೆ. ಹೋಗುತ್ತದೆ.

ಹೆಡ್ ಮಾಸ್ತರರು ನಶ್ಯದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾರೆ.

೧೭ ಜನವರಿ

ಮೂರು ದಿನ ವಿಚಾರ ಮಾಡಿ ಒಂದು ನಿರ್ಣಯಕ್ಕೆ ಬಂದೆ. ಮಕ್ಕಳನ್ನೇ ವಸ್ತುವಾಗಿ ಬಳಸುವುದು. ಮಗು ಮಗುವಿನ ಮೂಗಿನಲ್ಲಿ ಹೋಗಲಾರದು. ಅಂಗಳದಲ್ಲಿ ನಾಲ್ಕು ಹುಡುಗರನ್ನು ಒಂದು ಕಡೆ, ಮೂರು ಹುಡುಗಿಯರನ್ನು ಇನ್ನೊಂದು ಕಡೆ ನಿಲ್ಲಿಸಿ, ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತ ಬಂದೆ. ಪಾಠ ಬಹಳ ಚೆನ್ನಾಗಿ ನಡೆದಿತ್ತು. ಅಷ್ಟರಲ್ಲಿ ಬೀರವ್ವ ಹಾಲಿನ ಗಡಿಗೆ ಹೊತ್ತುಕೊಂಡು ಆ ಹಾದಿಯಲ್ಲಿ ಬಂದಳು.

“ಮಾಸ್ತರ, ಕೂಸುಗಳನ್ನ ಕುರಿ ಎಣಿಸಿದಂಗ ಎಣಸಾಕತ್ತೀರಲ್ಲ, ದಿಟ್ಟಿ ಆಗೂದಿಲ್ಲೇನು?”

“ದಿನಾ ಹಾಜರಿ ತಗೋತೀನಿ, ಆವಾಗ ಆಗೂದಿಲ್ಲೇನ ಬೀರವ್ವ?”

“ಅದು ಹೆಸರು ಹಿಡದು ಕರಿಯೂದು. ಇದು ತಲಿ ಎಣಿಸೂದು. ಓದಿದವ್ರಿಗೆ ಇಷ್ಟೂ ತಿಳಿಯಂಗಿಲ್ಲ ಅಂದ್ರ ಏನ್ ಹೇಳಬೇಕು.”

ಗಡಿಗೆ ಇಳಿಸಿ ಮನೆಗೆ ಓಡಿ ಉಪ್ಪು, ಒಣಮೆಣಸಿನಕಾಯಿ, ಕೆಂಡ ತಂದಳು. ಏಳೂ ಮಕ್ಕಳಿಗೆ ನಿವಾಳಿಸಿ ಕೆಂಡಕ್ಕೆ ಸುರಿದಳು. ಬ್ಯಾಡಗಿ ಮೆಣಸಿನಕಾಯಿಯೇ ಇರಬೇಕು, ಬಣ್ಣ ಹಾಗಿತ್ತು. ಆದರೆ ಘಾಟಿನಲ್ಲಿ ಅದು ಬ್ಯಾಡಗಿಯದಾಗಿರಲಿಲ್ಲ. ಐವತ್ತೆಂಟು ಮಂದಿ ಮಕ್ಕಳು ಕೆಮ್ಮುತ್ತ ಬಯಲಿಗೆ ಓಡಿದರು. (ತಲೆ ಎಣಿಸಿ ಬರೆಯುತ್ತಿಲ್ಲ. ಹಾಜರಿ ಪುಸ್ತಕ ನೋಡಿ ಬರೆಯುತ್ತಿದ್ದೇನೆ.) ಹೆಡ್ ಮಾಸ್ತರರು ಕಣ್ಣೀರು ಒರೆಸಿಕೊಳ್ಳುತ್ತ ಶಾಲೆ ಬಿಟ್ಟಿತು ಎಂದು ಸಾರಿದರು.

“ಘಾಟು ಬಂತಲ್ರಿ, ಅಂದ್ರ ದಿಟ್ಟಿ ಆಗಿರಲಿಲ್ಲ ಬಿಡ್ರಿ” ಎಂದು ಬೀರವ್ವ ಗಡಿಗೆ ಎತ್ತಿಕೊಂಡು ಹೋದಳು.

೨೨ ಜನವರಿ

ಇವತ್ತು ವಸ್ತು ಸಿಕ್ಕಿತು. ಸಿಕ್ಕಿದ್ದು ನನಗಲ್ಲ, ಮೋತಿಬಿಗೆ.

ಮೋತಿಬಿ ಎಂದರೆ ಎರಡನೇ ಸಾಲಿನಲ್ಲಿ ಕೂಡುವ ಹುಡುಗಿ. ಒಂದನೇ ಇಯತ್ತೆಯಲ್ಲಿ ಇದು ಎರಡನೇ ವರ್ಷ. ಅಪ್ಪ ಅವ್ವ ಮುಂಜಾನೆ ಎದ್ದು ಕೂಲಿಗೆ ತೋಟಕ್ಕೆ ಹೋಗುತ್ತಾರೆ, ಅಜ್ಜಿ ಲಕ್ಷ್ಮೇಶ್ವರದ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕಾಯಿಪಲ್ಲೆ ಮಾರುತ್ತಾಳೆ. ಮನೆಯಲ್ಲಿ ಯಾರೂ ಇಲ್ಲವೆಂದು ತನ್ನ ತಂಗಿ ಬಾನುಬಿಯ ಕೈ ಹಿಡಿದುಕೊಂಡು ದಿನವೂ ಶಾಲೆಗೆ ಬರುತ್ತಾಳೆ. ಆ ಬಾನುಬಿಗೆ ಶಾಲೆಯ ವಯಸ್ಸಾಗಿಲ್ಲ. ದಿನವೂ ನಾನು ಹೊರಗೆ ಹೋಗು ಎನ್ನುತ್ತೇನೆ, ದಿನವೂ ಅವಳು ಹೋಗಿ ಬೇವಿನ ಗಿಡದ ಕೆಳಗೆ ಕೂಡುತ್ತಾಳೆ. ಪಟ್ಟಿಯಲ್ಲಿ ಇಲ್ಲದವರನ್ನು ಒಳಗೆ ಕೂಡಿಸಲು ಇದು ಧರ್ಮಶಾಲೆಯಲ್ಲ.

ಮೋತಿಬಿ ಒಂದು ಚೀಲ ತಂದು ನನ್ನ ಮೇಜಿನ ಮೇಲೆ ಸುರಿದಳು. ಮಾರಲಿಕ್ಕೆ ಬಾರದ, ಒಣಗಿ ಗಟ್ಟಿಯಾದ ನಿಂಬೆಹಣ್ಣು, ಅರವತ್ತಕ್ಕಿಂತ ಹೆಚ್ಚೇ ಇದ್ದವು.

“ಲಿಂಬಿಹಣ್ಣು ಮೂಗಿನ್ಯಾಗ ಹೋಗಂಗಿಲ್ರಿ ಸರ್ರ” ಎಂದಳು.

ಗೋಣೆಪ್ಪನಿಗೆ ಕೊಟ್ಟು ಸ್ವಲ್ಪ ಹೊತ್ತು ನೋಡಿದೆ. ಪ್ರಯತ್ನ ಮಾಡಿದ. ಹೋಗಲಿಲ್ಲ.

ಪಾಠ ಹೂವು ಎತ್ತಿದಂತೆ ನಡೆಯಿತು. ಎಲ್ಲರೂ ಕೂಡಿಸಿದರು. ಕೊನೆಗೆ ಮೋತಿಬಿಯ ಪಾಳಿ. ಅವಳ ಕೈಯ ಚುರುಕು ನೋಡಬೇಕು, ಹಣ್ಣು ನೆಲಕ್ಕೆ ಮುಟ್ಟುವುದೇ ಕಾಣುವುದಿಲ್ಲ. ಮೂರು ಇಟ್ಟಳು, ಎರಡು ಇಟ್ಟಳು, ಸರಸರ ಒಂದು ಕಡೆ ಸರಿಸಿದಳು. ಆಮೇಲೆ ರಾಶಿಯಿಂದ ಇನ್ನೊಂದನ್ನು ತೆಗೆದು ಅದರ ಮೇಲಿಟ್ಟು, “ಆರು” ಎಂದಳು.

“ಇದೇನು?”

“ಕೊಸರು.”

“ಯಾಕ ಹಾಕಿದಿ?”

“ಹಾಕಲಿಲ್ಲಂದ್ರ ಮಂದಿ ಮತ್ತ ಬರಂಗಿಲ್ರಿ ಸರ್ರ.”

ಎರಡು ವರ್ಷದಿಂದ ಈ ಹುಡುಗಿಯ ಪಾಟಿಯ ಮೇಲಿನ ಪ್ರತಿಯೊಂದು ಲೆಕ್ಕವೂ ಒಂದು ಹೆಚ್ಚಾಗಿಯೇ ಯಾಕೆ ಬರುತ್ತಿತ್ತು ಎಂದು ಇವತ್ತು ತಿಳಿಯಿತು. ಪೇಟೆಯಲ್ಲಿ ಐದು ಕೊಂಡವರಿಗೆ ಮೇಲೊಂದು ಬಿಟ್ಟಿ ಹಾಕುವುದನ್ನು ಹಾಲು ಕುಡಿಯುವಾಗಿನಿಂದ ನೋಡಿದ್ದಾಳೆ. ನಾನು ಅದನ್ನು ದಡ್ಡತನ ಎಂದು ತಿಳಿದು ಹೋದ ವರ್ಷ ನಾಪಾಸು ಮಾಡಿದ್ದೆ.

೨೩ ಜನವರಿ

ಗಣಿತದಲ್ಲಿ ಪೇಟೆ ಇರುವುದಿಲ್ಲ ಎಂದು ಅರ್ಧ ತಾಸು ವಿವರಿಸಿದೆ. ಮೋತಿಬಿ ತಲೆ ಆಡಿಸುತ್ತ ಕೇಳಿದಳು. ನಾಲ್ಕು ಕೂಡಿಸು ನಾಲ್ಕು ಎಂದೆ. ಒಂಬತ್ತು ಎಂದಳು.

ಛಡಿ ತೆಗೆದುಕೊಂಡೆ. “ಎರಡು ಏಟು. ಕೈ ಹಿಡಿ.” ಹಿಡಿದಳು. ಎರಡು ಕೊಟ್ಟೆ. ಮೆಲ್ಲಗೆಯೇ ಕೊಟ್ಟೆ. ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

“ಮತ್ತೇನು?”

“ಕೊಸರು ಕೊಡೂದಿಲ್ರೇನು ಸರ್ರ?”

ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ಬೇವಿನ ಗಿಡದ ಕೆಳಗಿಂದ ಬಾನುಬಿಯೂ ನಕ್ಕಳು. ನಾನು ನಗಲಿಲ್ಲ. ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತಿದ್ದೆ, ಅಷ್ಟೇ. ಛಡಿಯನ್ನು ಮಾಡಿನ ಸಂದಿಯಲ್ಲಿ ಸಿಕ್ಕಿಸಿದ್ದೇನೆ. ಅಲ್ಲಿಂದ ತೆಗೆಯುವುದು ಸ್ವಲ್ಪ ತ್ರಾಸಿನ ಕೆಲಸ.

೨೬ ಜನವರಿ

ಧ್ವಜ ಏರಿಸಿ ಮಕ್ಕಳಿಗೆ ಪೆಪ್ಪರಮಿಂಟು ಹಂಚಿದೆವು, ತಲಾ ಒಂದು. ನನ್ನ ಇಪ್ಪತ್ತೆರಡೂ ಮಕ್ಕಳು ಬಲಗೈಯಲ್ಲಿ ಒಂದು ತೆಗೆದುಕೊಂಡು ಎಡಗೈ ಚಾಚಿ ನಿಂತರು. ರೋಗ ಎಲ್ಲರಿಗೂ ಹತ್ತಿದೆ. ವರ್ಗದಲ್ಲಿ ಈಗ ಎರಡು ಕೂಡಿಸು ಎರಡು ಐದಾಗಿದೆ. ಸಾಹೇಬರು ಬರಲು ಆರು ವಾರ ಕೂಡ ಉಳಿದಿಲ್ಲ. ಬೆಲ್ಲದ ಪೊಟ್ಟಣ ಕಣ್ಣೆದುರು ಬರುತ್ತಿದೆ.

೩೧ ಜನವರಿ

ಅರ್ಧ ದಿನ ರಜೆ ಹಾಕಿ ಲಕ್ಷ್ಮೇಶ್ವರಕ್ಕೆ ಹೋದೆ. ಮೋತಿಬಿಯ ಅಜ್ಜಿ ಗುಲಾಬಬಿಯನ್ನು ಕಂಡು, ನಿನ್ನ ಕೊಸರಿನಿಂದ ನನ್ನ ನೌಕರಿ ಹೋಗುತ್ತದೆ ಎಂದು ಖಡಾಖಂಡಿತ ಹೇಳಿಬಿಡುವುದೆಂದು.

ಮುದುಕಿ ಬುಟ್ಟಿಯ ಹಿಂದೆ ಕೂತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಗೋಣಿ ತಟ್ಟು ಝಾಡಿಸಿ ಹಾಸಿದಳು. “ಕುಂಡ್ರಿ ಮಾಸ್ತರ. ಮೋತಿ ಏನ್ ಮಾಡಿದ್ಲು?”

“ಆಯೀ, ನಿಮ್ಮ ಮೊಮ್ಮಗಳು ಐದಕ್ಕ ಆರು ಅಂತಾಳ. ಆಕಿನ್ನ ನೋಡಿ ಎಲ್ಲಾರೂ ಆರು ಅನ್ನಾಕತ್ತಾರ.”

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ಹತ್ತು ನಿಂಬೆಹಣ್ಣು ಕೇಳಿದ. ಗುಲಾಬಬಿ ಎರಡೆರಡು ಎತ್ತಿ ಅವನ ಚೀಲಕ್ಕೆ ಹಾಕಿದಳು. ಕೈ ನಿಲ್ಲಿಸಿದಳು. ಅವನ ಮುಖ ನೋಡಿ, “ಹತ್ತು ಆದುವು ನೋಡಪಾ” ಎಂದಳು. ಅವನು ಹೌದೆಂದ ಮೇಲೆ ಇನ್ನೊಂದನ್ನು ತೆಗೆದಳು. ಚೀಲಕ್ಕೆ ಹಾಕಲಿಲ್ಲ, ಅವನ ಕೈಯಲ್ಲಿ ಇಟ್ಟಳು.

“ನೋಡಿದ್ರಿ?” ಎಂದಳು ನನಗೆ. “ಹತ್ತು ಅಂತ ಹೇಳೂದು ಲೆಕ್ಕ. ಅದು ಮುಗೀಬೇಕು. ಆ ಮ್ಯಾಲೆ ಕೈಯಾಗ ಕೊಡೂದು ನನ್ನ ಖುಷಿ. ಮೋತಿ ಇನ್ನಾ ಸಣ್ಣಾಕಿ, ಎರಡೂ ಕಲಸತಾಳ. ನಾ ಹಂಗ ಕಲಸಿದ್ರ ಇಷ್ಟ ವರ್ಷ ಇಲ್ಲಿ ಕುಂಡರತಿದ್ನೇನು?”

ಗದಗಿನಲ್ಲಿ ಹತ್ತು ದಿನ ಹೇಳದ್ದನ್ನು ಈ ಮುದುಕಿ ಒಂದು ಗಿರಾಕಿಯಲ್ಲಿ ಹೇಳಿಬಿಟ್ಟಳು.

ಹೊರಡುವಾಗ ಸಣ್ಣವಳ ಮಾತು ತೆಗೆದಳು. “ಬಾನೂದೂ ಹೆಸರು ಹಚ್ಚಿಬಿಡ್ರಿ ಮಾಸ್ತರ. ಹೆಂಗೂ ದಿನಾ ಬರತಾಳ.”

“ವಯಸ್ಸು ತುಂಬಿಲ್ಲ ಆಯೀ. ಕಾಯದೆ ಐತಿ.”

“ಗಿಡದ ಕೆಳಗ ಕುಂಡ್ರಾಕೂ ಕಾಯದೆ ಐತೇನು?”

ನಾನೂ ಹತ್ತು ನಿಂಬೆಹಣ್ಣು ಕೊಂಡೆ. ಹನ್ನೊಂದನೆಯದು ಬೇಡವೆಂದೆ. ಬಿಟ್ಟಿಯದು ನನಗೆ ಆಗಿಬರುವುದಿಲ್ಲ. ಅವಳು ಕೇಳದೆ ನನ್ನ ಅಂಗಿಯ ಕಿಸೆಗೆ ತುರುಕಿದಳು. ಸಂಜೆ ಒಂದನ್ನು ಹಿಂಡಿ ಶರಬತ್ತು ಮಾಡಿಕೊಂಡೆ. ಬಹಳ ರಸವಿತ್ತು. ಅದು ಹನ್ನೊಂದನೆಯದೇ ಎಂದು ಖಾತ್ರಿಯಿಲ್ಲ.

೨ ಫೆಬ್ರವರಿ

ವರ್ಗಕ್ಕೆ ಹೊಸ ನಿಯಮ. ಕೂಡಿಸಬೇಕು. ಒಟ್ಟು ಎಷ್ಟೆಂದು ಗಟ್ಟಿಯಾಗಿ ಹೇಳಬೇಕು. ಹೇಳಿದ ಮೇಲೆಯೇ ಕೊಸರು, ಅದೂ ಗುಂಪಿನಲ್ಲಿ ಅಲ್ಲ, ಎದುರಿಗಿದ್ದವರ ಕೈಯಲ್ಲಿ.

ಮೋತಿಬಿ ಮೂರು ಇಟ್ಟಳು, ಎರಡು ಇಟ್ಟಳು, ಸರಿಸಿದಳು. ನನ್ನ ಮುಖ ನೋಡಿ, “ಐದು ಆದುವು ನೋಡ್ರಿ” ಎಂದಳು. ಅಜ್ಜಿಯದೇ ಧಾಟಿ. ನಾನು ಹೌದೆಂದ ಮೇಲೆ ಒಂದು ಹಣ್ಣು ನನ್ನ ಕೈಯಲ್ಲಿಟ್ಟಳು. ಎರಡು ವರ್ಷದಲ್ಲಿ ಅವಳ ಮೊದಲ ಸರಿಯುತ್ತರ.

ಮಿಕ್ಕವರೂ ಹಾಗೆಯೇ ಮಾಡಿದರು. ಕೊನೆಗೆ ನನ್ನ ಕೈಯಲ್ಲಿ, ಎರಡೂ ಕಿಸೆಯಲ್ಲಿ, ಟೊಪ್ಪಿಗೆಯಲ್ಲಿ ನಿಂಬೆಹಣ್ಣು. ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತು ನೋಡಿ, “ಹುಚ್ಚೀರಪ್ಪ, ಏನಿದು ಮದುವಿ ಮುಯ್ಯಿ ಮಾಡಿಸಿಕೊಂಡಂಗ?” ಎಂದರು.

೧೪ ಫೆಬ್ರವರಿ

ಕೂಡಿಸುವುದು ಒಂಬತ್ತರವರೆಗೆ ಬಂದಿದೆ. ಬಾನುಬಿ ವಾರದಿಂದ ಹೊಸ್ತಿಲ ಮೇಲೆ ಕೂಡುತ್ತಿದ್ದಳು, ಹೋಗಿಬರುವವರಿಗೆ ಅಡ್ಡವಾಗುತ್ತಿತ್ತು. ಅದಕ್ಕಾಗಿ ಒಳಗೆ ನನ್ನ ಕುರ್ಚಿಯ ಪಕ್ಕ ಕೂಡಿಸಿದ್ದೇನೆ. ಬೇರೆ ಕಾರಣವೇನೂ ಇಲ್ಲ. ಗಲಾಟೆ ಮಾಡಬಾರದೆಂದು ಕಪಾಟಿನಲ್ಲಿದ್ದ ಒಡಕು ಪಾಟಿ ಕೊಟ್ಟೆ. ಅದು ಹೇಗೂ ಬಿಸಾಡುವಂಥದ್ದು. ಅಂಚು ಕೈಗೆ ಚುಚ್ಚುತ್ತದೆಂದು ಅರಿವೆ ಸುತ್ತಿ ಹೊಲಿದುಕೊಟ್ಟೆ.

ಇವತ್ತು ತಾನಾಗಿ ಒಂದು ಹಣ್ಣು ಇಟ್ಟಳು, ಇನ್ನೊಂದು ಇಟ್ಟಳು, “ಎರಡ” ಎಂದಳು. ಪಟ್ಟಿಯಲ್ಲಿ ಇಲ್ಲದವಳು, ಹಾಗಾಗಿ ಶಾಬಾಸ್ ಎನ್ನುವ ಪ್ರಶ್ನೆ ಬರುವುದಿಲ್ಲ. ತಲೆ ಸವರಿದೆ.

೧ ಮಾರ್ಚ್

ಸಾಹೇಬರು ಆರನೇ ತಾರೀಖು ಬರುತ್ತಾರೆಂದು ಟಪಾಲು ಬಂತು. ಹೆಡ್ ಮಾಸ್ತರರು ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು.

“ಹುಚ್ಚೀರಪ್ಪ, ಆ ದಿವಸ ಮೋತಿಬಿ ಬರೂದು ಬ್ಯಾಡ. ಸಾಹೇಬ್ರ ಮುಂದ ಅಂಜಿ ಮತ್ತ ಹಳೇ ಚಟಾ ಹಿಡದ್ಲಂದ್ರ ನಿನ್ನ ಆರ್ಡರು ಹೋತು. ಆ ಸಣ್ಣದಂತೂ ಊರಾಗ ಇರಬಾರದು.”

ತಪಾಸಣೆಯ ದಿನ ಹಿಂದುಳಿದವರನ್ನು ಮನೆಯಲ್ಲೇ ಇರಿಸುವುದು ಎಲ್ಲಾ ಶಾಲೆಯಲ್ಲೂ ಇದ್ದದ್ದೇ. ಆಗಲಿ ಎಂದೆ. ಮೋತಿಬಿಯನ್ನು ಹೊರಗೆ ಕರೆದು, ಆರನೇ ತಾರೀಖು ಬರಬೇಡ ಎಂದೆ.

“ಆತ್ರಿ ಸರ್ರ” ಎಂದಳು. ಒಂದು ಗಳಿಗೆ ನಿಂತು ಕೇಳಿದಳು, “ಲಿಂಬಿಹಣ್ಣು ಯಾರ ಕೈಯಾಗ ಕಳಸ್ಲಿ?”

ಹಳೆಯ ಹಣ್ಣು ಒಡೆದು ಹಾಳಾಗಿವೆ, ಹೊಸವು ಬೇಕು, ಅವಳೇ ತರಬೇಕು. “ಲಿಂಬಿಹಣ್ಣು ತಗೊಂಡು ನೀನ ಬಾ” ಎಂದೆ. ಲಿಂಬಿಹಣ್ಣಿಗಾಗಿಯೇ ಹೇಳಿದ್ದು. ಹೆಡ್ ಮಾಸ್ತರರಿಗೆ ಇನ್ನೂ ತಿಳಿಸಿಲ್ಲ.

೬ ಮಾರ್ಚ್

ಮುಗಿತಿಯು ಎಂದು ಬರೆದು, ಕಾಟು ಹಾಕಿ ಮತ್ತೆ ಬರೆಯುತ್ತಿದ್ದೇನೆ. ಮುಗಿಯಿತು.

ಸಾಹೇಬರು ಹತ್ತು ಗಂಟೆಗೆ ಬಂದರು. ದಪ್ಪ ಮನುಷ್ಯ, ಮೊಳಕಾಲು ನೋವು, ಕುರ್ಚಿಯಲ್ಲಿ ಕೂತರೆ ಏಳುವುದು ಕಷ್ಟ. ಮಕ್ಕಳು ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಹೋದರು. ಮೊದಲು ಗೋಣೆಪ್ಪ. ಐದು ಕೂಡಿಸು ಎರಡು. “ಏಳು ಆದುವು ನೋಡ್ರಿ” ಎಂದು, ಸಾಹೇಬರು ಹೌದೆಂದ ಮೇಲೆ ಅವರ ಕೈಯಲ್ಲಿ ಒಂದು ಹಣ್ಣು ಇಟ್ಟು ಬಂದ. ಸಾಹೇಬರು ಹಣ್ಣು ನೋಡಿದರು, ನನ್ನನ್ನು ನೋಡಿದರು. ಅಷ್ಟರಲ್ಲಿ ಎರಡನೆಯವನು ಇನ್ನೊಂದು ಇಟ್ಟ. ಮೂರನೆಯವಳು ಇನ್ನೊಂದು. ಕೈತುಂಬ ಹಣ್ಣಾಗಿ ಪೆನ್ನು ಹಿಡಿಯಲು ಅವರಿಗೆ ಜಾಗವೇ ಉಳಿಯಲಿಲ್ಲ. ಮೇಜಿನ ಮೇಲೆ ಸುರಿದರೆ ಉರುಳುತ್ತವೆ, ಉರುಳಿದರೆ ಹಿಡಿಯಬೇಕು. ಹೆಡ್ ಮಾಸ್ತರರು ಗೋಡೆಗೆ ಆತುಕೊಂಡು ನಿಂತಿದ್ದರು, ಮೋತಿಬಿಯನ್ನು ಕಂಡಾಗಿನಿಂದ ಅವರ ಬಾಯಿ ಮುಚ್ಚಿರಲಿಲ್ಲ.

ಮೋತಿಬಿಯ ಪಾಳಿ ಬಂತು. ಆರು ಕೂಡಿಸು ಮೂರು. ಆರು ಇಟ್ಟಳು, ಮೂರು ಇಟ್ಟಳು, ಸರಿಸಿದಳು. ಆಮೇಲೆ ಮಾತಾಡದೆ ಕೈಯನ್ನು ರಾಶಿಯ ಕಡೆ ಒಯ್ದಳು. ಅವಳು ರಾಶಿಯಲ್ಲಿ ಒಳ್ಳೆಯದೊಂದನ್ನು ಆರಿಸಿ ಎಡಗೈಯಲ್ಲಿ ಹಿಡಿದುಕೊಂಡು, “ಒಂಬತ್ತು ಆದುವು ನೋಡ್ರಿ ಸಾಹೇಬ್ರ” ಎಂದಳು. ಎಂದ ಮೇಲೆ ಕೊಟ್ಟಳು. ನನ್ನ ಕಣ್ಣಲ್ಲಿ ನೀರು ಬಂತು. ಮುಂಜಾನೆ ಉಪ್ಪಿನಕಾಯಿ ತಿಂದಿದ್ದೆ, ಕೈ ಕಣ್ಣಿಗೆ ತಾಕಿರಬೇಕು.

ಕೊನೆಯಲ್ಲಿ ಸಾಹೇಬರು ಎಷ್ಟು ಮಂದಿ ಸರಿ ಹೇಳಿದರು ಎಂದು ಬರೆದುಕೊಂಡಿರಲಿಲ್ಲ. “ಸರಿ ಹೇಳಿದವರು ಒಂದೊಂದು ಕೊಟ್ಟಾರ, ಹೌದಿಲ್ಲೋ?” ಎಂದು ತಮ್ಮ ಪಾಲಿಗೆ ಬಂದ ಹಣ್ಣು ಎಣಿಸಿ ಪುಸ್ತಕದಲ್ಲಿ ಬರೆದರು. “ಇದಕ್ಕಿಂತ ಚಲೋ ಪಾಠೋಪಕರಣ ನಾ ನೋಡಿಲ್ಲ” ಎಂದು ಹೇಳಿ, ಉಪ್ಪಿನಕಾಯಿಗೆ ಆಗುತ್ತದೆಂದು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೋದರು.

೨೨ ಮಾರ್ಚ್

ಮೇಲಿನ ಕಚೇರಿಯಿಂದ ಲಕೋಟೆ. ಖಾಯಂ ಆರ್ಡರು ಎಂದು ಒಡೆದೆ. ಒಳಗೆ ಹೀಗಿತ್ತು:

“ಫೆಬ್ರವರಿಯ ಹಾಜರಿ ತಖ್ತೆಯಂತೆ ಒಂದನೇ ಇಯತ್ತೆಯ ಮಕ್ಕಳು ೨೨. ತಪಾಸಣಾ ವರದಿಯಂತೆ ಸರಿಯುತ್ತರ ಕೊಟ್ಟವರು ೨೩. ಈ ವ್ಯತ್ಯಾಸಕ್ಕೆ ಎಂಟು ದಿನಗಳೊಳಗೆ ಸಮಜಾಯಿಷಿ ಕೊಡತಕ್ಕದ್ದು. ಅಲ್ಲಿಯವರೆಗೆ ಸದರಿ ಶಿಕ್ಷಕರ ಖಾಯಂ ಪ್ರಸ್ತಾಪವನ್ನು ತಡೆಹಿಡಿಯಲಾಗಿದೆ.”

ನಾನು ಮತ್ತು ಹೆಡ್ ಮಾಸ್ತರರು ಹಾಜರಿ ಪುಸ್ತಕವನ್ನು ಎರಡು ಸಲ ನೋಡಿದೆವು. ಮೋತಿಬಿಯನ್ನು ಕರೆದು ಕೇಳಿದೆ. ಅವಳು ಸಲೀಸಾಗಿ ಹೇಳಿದಳು, “ಬಾನೂನೂ ಹೋಗಿದ್ಲಲ್ರಿ ಸರ್ರ ಕಡೀಕ. ಸಾಹೇಬ್ರು ಒಂದಕ್ಕ ಒಂದು ಎಷ್ಟಂದ್ರು. ಎರಡಂದ್ಲು. ಹಣ್ಣು ಕೊಟ್ಲು.”

ಆ ಹೊತ್ತಿಗೆ ನಾನು ಕಣ್ಣು ಒರೆಸಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿ ನಿಂತಿದ್ದೆ, ಹೆಡ್ ಮಾಸ್ತರರು ಸಾಹೇಬರಿಗೆ ಚಹಾ ಹೇಳಲು ಹೊರಗೆ ಹೋಗಿದ್ದರು.

೨೩ ಮಾರ್ಚ್

ಇವತ್ತು ದಿನವಿಡೀ ಸಮಜಾಯಿಷಿಯ ಚರ್ಚೆ.

ಸಾಹೇಬರು ಹಣ್ಣು ಎಣಿಸುವಾಗ ತಪ್ಪಿದರು ಎಂದು ಬರೆಯೋಣ ಎಂದೆ. ಹೆಡ್ ಮಾಸ್ತರರು ಎದೆ ಹಿಡಿದುಕೊಂಡರು. “ಕೂಡಿಸೂದನ್ನ ನೋಡಾಕ ಬಂದ ಸಾಹೇಬ್ರಿಗೆ ಎಣಿಸಾಕ ಬರಂಗಿಲ್ಲ ಅಂತ ಬರೀತೀಯೇನು? ನನ್ನ ಪೆನ್ಶನ್ನೂ ಹೋಗತೈತಿ.”

ಪಟ್ಟಿಯಲ್ಲಿ ಇಲ್ಲದ ಕೂಸೊಂದು ವರ್ಗದಲ್ಲಿ ಕೂತಿತ್ತು ಎಂದು ಖರೆ ಬರೆದರೆ?

“ಯಾರು ಕೂಡಿಸಿದ್ರು ಅಂತ ಕೇಳ್ತಾರ. ನೀನ ಕೂಡಿಸೀದಿ. ಕಾಯದೆ ಮುರದಾಂವ ಅಂತ ಬೆಲ್ಲ ಕಟ್ಟಾಕ ಹೋಗ್ತಿ.”

ಬಾಗಿಲ ಹೊರಗೆ ಬಾನುಬಿ ಅರಿವೆ ಸುತ್ತಿದ ಪಾಟಿಯ ಮೇಲೆ ಏನೋ ಗೀಚುತ್ತಿದ್ದಳು. ಆಗ ನನ್ನ ಬಾಯಿಂದಲೇ ಆ ಮಾತು ಬಂತು.

“ಸಾಹೇಬ್ರ ಲೆಕ್ಕಾನೂ ಸರಿ, ಕೂಸಿನ ಲೆಕ್ಕಾನೂ ಸರಿ. ನಮ್ಮ ಪಟ್ಟೀನ ಒಂದು ಕಡಿಮಿ ಐತ್ರಿ. ಮಾರ್ಚ್ ತಖ್ತೆ ಇನ್ನಾ ಕಳಿಸಿಲ್ಲ. ಒಂದನೇ ತಾರೀಖಿಗೆ ಹೆಸರು ಹಚ್ಚಿದೀವಿ ಅಂತ ಬರದ್ರ ಆರನೇ ತಾರೀಖು ಇಪ್ಪತ್ತಮೂರಾಗತೈತಿ.”

“ವಯಸ್ಸು?”

“ತುಂಬಿಸೋಣ್ರಿ.”

ಹೆಡ್ ಮಾಸ್ತರರು, “ನಿನ್ನ ಮೈಯಾಗ ಆರಾಮ ಐತಿಲ್ಲೋ, ಹುಚ್ಚೀರಪ್ಪ?” ಎಂದು ಹಣೆ ಮುಟ್ಟಿದರು.

೨೪ ಮಾರ್ಚ್

ಮುಂಜಾನೆಯ ಶಾಲೆ ಮುಗಿಸಿ ಲಕ್ಷ್ಮೇಶ್ವರಕ್ಕೆ ಹೋದೆ. ಗುಲಾಬಬಿ ಈ ಸಲ ಗೋಣಿ ತಟ್ಟು ಹಾಸಲಿಲ್ಲ.

“ಬಾನುಬಿ ಹೆಸರು ಹಚ್ಚಬೇಕಂತ ಮಾಡೀನಿ ಆಯೀ” ಎಂದೆ.

“ವಯಸ್ಸು ತುಂಬಿಲ್ಲಲ್ರಿ.”

“ನಡೀತೈತಿ.”

“ಕಾಯದೆ ಐತಲ್ರಿ.”

“ಆಯೀ, ಸುಮ್ನ ಹೂಂ ಅನ್ರಿ.”

ಮುದುಕಿ ಬದನೆಕಾಯಿಗೆ ನೀರು ಚಿಮುಕಿಸುತ್ತ ಕೂತಳು. ಗಿರಾಕಿಗೆ ಗರಜು ಇದೆ ಎಂದು ಗೊತ್ತಾದರೆ ಅವಳಂಥವರು ಬಿಡುವವರಲ್ಲ. ಕೊನೆಗೆ ಹೇಳಿದಳು, “ಹಚ್ಚಿರಿ. ಆದ್ರ ಆಕಿ ನಾಕನೇತ್ತ ಮುಗಿಸೂತನಕ ನೀವ ಇರಬೇಕು. ಹೆಸರು ಹಚ್ಚಿ ಓಡಿ ಹೋಗೂ ಮಾಸ್ತರ ನಮಗ ಬ್ಯಾಡ.”

ನಾಲ್ಕನೇ ಇಯತ್ತೆ ಮುಗಿಯುವುದೆಂದರೆ ಇನ್ನು ನಾಲ್ಕು ವರ್ಷ. ಮುಂಡರಗಿಗೆ ವರ್ಗಾವಣೆಯ ಅರ್ಜಿಯ ಕರಡು ಪೆಟ್ಟಿಗೆಯಲ್ಲಿ ತಯಾರಿದೆ. ಆತು ಎಂದುಬಿಟ್ಟೆ. ಬಿಸಿಲು ಬಹಳ ಇತ್ತು.

೨೬ ಮಾರ್ಚ್

ಹೆಸರು ಹಚ್ಚುವ ಮೊದಲು ವಯಸ್ಸಿನ ಪರೀಕ್ಷೆ. ಬಲಗೈಯನ್ನು ತಲೆಯ ಮೇಲಿಂದ ಒಯ್ದು ಎಡಕಿವಿ ಮುಟ್ಟಿದರೆ ಶಾಲೆಯ ವಯಸ್ಸಾಯಿತು ಎಂದು ಲೆಕ್ಕ. ಹುಟ್ಟಿದ ದಿನ ಯಾರಿಗೆ ನೆನಪಿರುತ್ತದೆ.

ಬಾನುಬಿ ಕೈ ಒಯ್ದಳು. ಕಿವಿಗೆ ಎರಡು ಬೆರಳು ಕಡಿಮೆ ಬಿತ್ತು. ಕಾಲ ತುದಿಯ ಮೇಲೆ ನಿಂತಳು. ಆದರೂ ಎರಡು ಬೆರಳು ಕಡಿಮೆಯೇ. ಹೆಡ್ ಮಾಸ್ತರರು ಪೆನ್ನು ಹಿಡಿದು ಕಾಯುತ್ತಿದ್ದವರು ತೊಲೆಯ ಮೇಲಿನ ಗುಬ್ಬಿ ಗೂಡನ್ನು ನೋಡಲು ತೊಡಗಿದರು. ನಾನು ಅವಳ ಕಿವಿ ಹಿಡಿದು ಸ್ವಲ್ಪ ಮೇಲಕ್ಕೆ ಎಳೆದೆ. ಕಿವಿ ಬೆರಳಿಗೆ ಮುಟ್ಟಿತು.

“ಮುಟ್ಟಿತ್ರಿ” ಎಂದೆ.

“ಮುಟ್ಟಿತು” ಎಂದು ಹೆಡ್ ಮಾಸ್ತರರು ಗುಬ್ಬಿಯನ್ನು ನೋಡುತ್ತಲೇ ಬರೆದರು. ಹುಟ್ಟಿದ ತಾರೀಖು ೧-೬-೧೯೭೩. ಈ ಶಾಲೆಯ ಐವತ್ತೆಂಟೂ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು, ಐವತ್ತೊಂಬತ್ತನೆಯವಳೂ ಅಂದೇ ಹುಟ್ಟಿದಳು.

ಸಮಜಾಯಿಷಿ ಬರೆದೆ: “ಮಾರ್ಚ್ ೧ಕ್ಕೆ ಒಂದು ಮಗು ಹೊಸದಾಗಿ ದಾಖಲಾಗಿದ್ದು, ಮಕ್ಕಳು ೨೩, ಸಾಹೇಬರ ಲೆಕ್ಕ ಸರಿಯಾಗಿರುತ್ತದೆ.” ಎರಡು ವರ್ಷದ ನೌಕರಿಯಲ್ಲಿ ನಾನು ಬರೆದ ಮೊದಲ ಸುಳ್ಳು. ಒಂದೇ ಸಲಕ್ಕೆ ಬರೆದೆ, ಕಾಟು ಬೀಳಲಿಲ್ಲ.

೧೦ ಏಪ್ರಿಲ್

ಬಾನುಬಿಗೆ ಹಾಜರಿ ಎಂದರೆ ಏನೆಂದು ಇನ್ನೂ ತಿಳಿದಿಲ್ಲ. ಪಟ್ಟಿಯಲ್ಲಿ ತನ್ನ ಹೆಸರು ಬಂದಿದೆಯೆಂಬ ಸಂಭ್ರಮಕ್ಕೆ ಮೊದಲನೇ ಹೆಸರಿನಿಂದ ಹಿಡಿದು ಇಪ್ಪತ್ತಮೂರಕ್ಕೂ ತಾನೇ “ಹಾಜರ್ರಿ ಸರ್ರ” ಎನ್ನುತ್ತಾಳೆ. ಗೋಣೆಪ್ಪ ಅಳುತ್ತಾನೆ. ದಿನವೂ ಎರಡೆರಡು ಸಲ ಹಾಜರಿ ಕರೆಯುತ್ತಿದ್ದೇನೆ.

ಇವತ್ತು ಅವಳಿಗೆ ಎರಡು ಕೂಡಿಸು ಎರಡು ಕೊಟ್ಟೆ. ಒಂದಕ್ಕೆ ಒಂದು ಬಿಟ್ಟರೆ ಬೇರೆ ಯಾವುದೂ ಅವಳಿಗೆ ಬರುತ್ತಿರಲಿಲ್ಲ. ಎರಡು ಹಣ್ಣು ಇಟ್ಟಳು. ಮತ್ತೆರಡು ಇಟ್ಟಳು. ಕೈ ಹಿಂದಕ್ಕೆ ಕಟ್ಟಿಕೊಂಡು ನೋಡುತ್ತ ನಿಂತಳು. ಮೋತಿಬಿ ಬಾಯಿ ತೆರೆದಳು, ನಾನು ಸುಮ್ಮನಿರು ಎಂದೆ. ಆ ಹೊತ್ತಿಗೆ ಟಪಾಲಿನವನು ಬಾಗಿಲಲ್ಲಿ ನಿಂತು, “ಮಾಸ್ತರ, ಕಚೇರಿ ಲಕೋಟೆ ಬಂದೈತ್ರಿ” ಎಂದ. ತಡಿ ಎಂದೆ. ಬಾನುಬಿ ಒಂದೊಂದನ್ನೇ ಬೆರಳಿನಿಂದ ಮುಟ್ಟಿದಳು. ಮಧ್ಯದಲ್ಲಿ ಮರೆತು ಮತ್ತೆ ಮೊದಲಿನಿಂದ ಹಿಡಿದಳು. ಟಪಾಲಿನವನು ಎರಡು ಸಲ ಕೆಮ್ಮಿದ.

“ನಾಕ” ಎಂದಳು.

ನಾಲ್ಕು. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಅವಳನ್ನು ಎತ್ತಿಕೊಂಡು ವರ್ಗದ ತುಂಬ ಒಂದು ಸುತ್ತು ಹಾಕಿದೆ. ಮಕ್ಕಳೆಲ್ಲ ತಮ್ಮನ್ನೂ ಎತ್ತಿಕೊಳ್ಳಿರಿ ಎಂದು ಗಂಟುಬಿದ್ದರು, ಎರಡನೇ ಇಯತ್ತೆಯವರು ಸಹ. ಎಲ್ಲರನ್ನೂ ಎತ್ತಿ ಇಳಿಸುವಷ್ಟರಲ್ಲಿ ನಡ ಹಿಡಿಯಿತು.

ಶಾಲೆ ಬಿಡುವಾಗ ಹೆಡ್ ಮಾಸ್ತರರು ಹೊಸ್ತಿಲ ಮೇಲಿಂದ ಲಕೋಟೆ ಎತ್ತಿ ತಂದುಕೊಟ್ಟರು. ಟಪಾಲಿನವನು ಕಾಯ್ದು ಕಾಯ್ದು ಅಲ್ಲೇ ಇಟ್ಟು ಹೋಗಿದ್ದ. ಒಡೆದು ನೋಡಿದರೆ ಖಾಯಂ ಆರ್ಡರು.

“ಇನ್ನೇನಪಾ, ಮುಂಡರಗಿಗೆ ಅರ್ಜಿ ಬರಿ. ನಾ ಶಿಫಾರಸು ಹಾಕ್ತೀನಿ” ಎಂದರು.

ಈಗ ಆಗುವುದಿಲ್ಲ ಎಂದು ಹೇಳಿದೆ. ನಾಳೆ ಬಾನುಬಿಗೆ ಮೂರಕ್ಕೆ ಎರಡು ಹೇಳಿಕೊಡಬೇಕು. ಅದು ಅವಳಿಗೆ ಇನ್ನೂ ಬರುವುದಿಲ್ಲ.